ಆರಿಸಬೇಡಿ ಎಂದು ಬರೆದ ಚೀಟಿ

ಚೆಲುವರಾಜು ತೀರಿಕೊಂಡ ಹನ್ನೆರಡನೆಯ ದಿನ ಅವನ ಹೆಂಡತಿ ಶಾಲಿನಿ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟರು. ಇನ್ನೂರು ಪುಟದ್ದು. ರಟ್ಟು ಬಿಟ್ಟುಹೋಗಿ, ಬೆನ್ನಿಗೆ ಕಪ್ಪು ಇನ್ಸುಲೇಷನ್ ಟೇಪು ಸುತ್ತಿತ್ತು.

"ನಿಮ್ಮ ಫ್ಯಾಕ್ಟ್ರೀದು. ಬೇರೆಯವ್ರದ್ದೆಲ್ಲ ಅವ್ರವ್ರಿಗೆ ಕೊಟ್ಬುಟ್ಟೆ. ಇದೊಂದು ಉಳಿದಿತ್ತು" ಎಂದರು.

ಮನೆಗೆ ತಂದು ನಾಲ್ಕು ದಿನ ಅದನ್ನು ತೆರೆಯಲಿಲ್ಲ. ತೆರೆದರೆ ಯಾವ ಪುಟಕ್ಕೆ ಹೋಗುತ್ತೇನೆಂದು ನನಗೆ ಗೊತ್ತಿತ್ತು.

ಚೆಲುವರಾಜುವಿನ ಸಾವು ಪತ್ರಿಕೆಯಲ್ಲಿ ಸುದ್ದಿಯಾಗಲಿಲ್ಲ. ಮನೆಯವರು ಕೊಟ್ಟ ಎರಡಿಂಚಿನ ಶ್ರದ್ಧಾಂಜಲಿ ಬಂತು, ಅದರಲ್ಲೂ ಫೋಟೋ ಮಸುಕಾಗಿತ್ತು. ಆದರೆ ಕಳೆದ ಹದಿನೈದು ವರ್ಷಗಳಲ್ಲಿ ಮೈಸೂರಿನ ಯಾವುದಾದರೂ ಲಾಡ್ಜಿಗೋ ನರ್ಸಿಂಗ್ ಹೋಮಿಗೋ ಫೋನ್ ಮಾಡಿ "ಲೈನಲ್ಲಿರಿ, ಕೊಡ್ತೀನಿ" ಎಂಬ ಮಾತು ಕೇಳಿದವರು ಅವನು ಜೋಡಿಸಿದ ತಂತಿಯ ಮೂಲಕವೇ ಅದನ್ನು ಕೇಳಿರಬಹುದು. ಹೊರಗಿನ ನಾಲ್ಕೈದು ಲೈನುಗಳನ್ನು ಒಳಗಿನ ಹತ್ತಾರು ಫೋನುಗಳಿಗೆ ಹಂಚಿಕೊಡುವ ಪೆಟ್ಟಿಗೆಗೆ ಕಚೇರಿಗಳಲ್ಲಿ ಎಕ್ಸ್‌ಚೇಂಜ್ ಎನ್ನುತ್ತೇವೆ. ಅದನ್ನು ಗೋಡೆಗೆ ಕೂರಿಸಿ, ಯಾವ ಕರೆ ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು ಎಂದು ಅದಕ್ಕೆ ಕಲಿಸುವುದು ಅವನ ಕೆಲಸ. ವರುಣಾ ಕಡೆಯ ಹಳ್ಳಿಯ ಒಕ್ಕಲು ಮನೆಯವನು. ಐಟಿಐ ಓದಲು ಪೇಟೆಗೆ ಬಂದವನು ಇಲ್ಲೇ ಉಳಿದ.

ಬನ್ನಿಮಂಟಪದಲ್ಲಿರುವ ನಮ್ಮ ಊದುಬತ್ತಿ ಕಾರ್ಖಾನೆಗೆ ಅವನು ಮೊದಲು ಬಂದದ್ದು ೧೯೯೪ರಲ್ಲಿ. ನಾನು ಅಲ್ಲಿ ಆಫೀಸು ಮ್ಯಾನೇಜರ್. ಎರಡು ದಿನ ಏಣಿ ಹತ್ತಿ ಇಳಿದು ತಂತಿ ಎಳೆದ. ಯಾರೊಂದಿಗೂ ಹೆಚ್ಚು ಮಾತಿಲ್ಲ. ಮೂರನೆಯ ದಿನ ಮಧ್ಯಾಹ್ನ ನನ್ನ ಮೇಜಿನ ಮೇಲಿನ ಹೊಸ ಫೋನು ಮೊದಲ ಸಲ ಬಡಿದುಕೊಂಡಿತು. ಎತ್ತಿದೆ.

"ಊಟ ಆಯ್ತಾ?"

"ಯಾರ್ರೀ ಅದು?"

"ನಾನೇ ಕಣ್ರೀ, ಗೋಡೆ ಪಕ್ಕದಲ್ಲಿ ಏಣಿ ಮೇಲಿದೀನಿ. ಊಟ ಆಯ್ತಾ?"

"ಆಯ್ತು. ಯಾಕೆ?"

"ಏನ್ ಸಾರು?"

ನಾನು ರೇಗಿಕೊಂಡೇ "ಹುರುಳಿಕಾಳು ಬಸ್ಸಾರು" ಎಂದೆ. ಆಚೆಯಿಂದ "ಸರಿ, ಚೆನ್ನಾಗ್ ಕೇಳುತ್ತೆ" ಎಂದು ಇಟ್ಟ. ಆಮೇಲೆ ಕೇಳಿದಾಗ ಹೇಳಿದ: "ಹಲೋ ಟೆಸ್ಟಿಂಗ್ ಅಂದ್ರೆ ಎಲ್ರೂ ಹಾಂ ಹಾಂ ಅಂತ ಸುಮ್ಮನಾಗ್ತಾರೆ. ದನಿ ಒಡೀತಾ ಇದೆಯಾ ಇಲ್ವಾ ಗೊತ್ತಾಗೊಲ್ಲ. ಸಾರಿನ ಹೆಸರು ಕೇಳಿದ್ರೆ ಪೂರ್ತಿ ವಾಕ್ಯ ಬರುತ್ತೆ."

ಅವನ ಇನ್ನೊಂದು ಪದ್ಧತಿ ಈ ನೋಟ್‌ಬುಕ್ಕು. ಪ್ರತಿಯೊಂದು ಎಕ್ಸ್‌ಚೇಂಜಿಗೂ ಒಂದೊಂದು. ಮೊದಲ ಪುಟಗಳಲ್ಲಿ ಆ ಪೆಟ್ಟಿಗೆಗೆ ಒತ್ತಿದ ಕೋಡುಗಳೆಲ್ಲ ಸಾಲುಸಾಲಾಗಿ ಇರುತ್ತಿದ್ದವು. ಹಿಂದಿನ ಪುಟಗಳಲ್ಲಿ ಕೆಟ್ಟದ್ದರ ಚರಿತ್ರೆ. ಅದಕ್ಕೆ ನಾಲ್ಕು ಅಂಕಣ ಗೀಟಿದ್ದ. ದಿನ, ಏನಾಯಿತು, ಯಾಕೆ, ಯಾರಿಂದ. ೧೯೯೯ರ ಒಂದು ನಮೂದು ಹೀಗಿದೆ: "ಡಿಸ್ಪ್ಯಾಚ್ ಫೋನು ಸತ್ತಿದೆ. ತಂತಿ ತುಂಡು. ಯಾರಿಂದ: ಇಲಿ." ೨೦೦೨ರದ್ದು: "ಯಜಮಾನರ ಫೋನಿನಲ್ಲಿ ಗೊರಗೊರ. ಸ್ಕ್ರೂ ಸಡಿಲ. ಯಾರಿಂದ: ನನ್ನಿಂದ." ಆ ನಾಲ್ಕನೆಯ ಅಂಕಣವನ್ನು ಅವನು ಯಾವತ್ತೂ ಖಾಲಿ ಬಿಡುತ್ತಿರಲಿಲ್ಲ. "ಬೈಯಕ್ಕಲ್ಲ ಅಣ್ಣ. ಮುಂದಿನ ಸಲ ಎಲ್ಲಿ ನೋಡ್ಬೇಕು ಅಂತ" ಎನ್ನುತ್ತಿದ್ದ.

ನನಗಿಂತ ಹದಿಮೂರು ವರ್ಷ ಚಿಕ್ಕವನು. ನನಗೆ ಪುಸ್ತಕದ ಹುಚ್ಚು, ಅವನಿಗೆ ಅದು ತಮಾಷೆ. ಆದರೂ ಒಂಟಿಕೊಪ್ಪಲಿನ ನನ್ನ ಮನೆಗೆ ಭಾನುವಾರಗಳಲ್ಲಿ ಬಂದು ಕೂರುತ್ತಿದ್ದ. ನಾನು ಓದಿದ್ದನ್ನು ಹೇಳಿದರೆ ಕೇಳಿ ಕೊನೆಗೆ "ಕತೆ ಚೆನ್ನಾಗೈತೆ, ಆದ್ರೆ ಅವ್ನು ಒಂದು ಫೋನ್ ಮಾಡಿದ್ರೆ ಮುಗೀತಿತ್ತಲ್ಲ" ಎನ್ನುತ್ತಿದ್ದ.

೨೦೦೬ರಲ್ಲಿ ನಮ್ಮ ಯಜಮಾನರು ಸಿದ್ದಲಿಂಗಸ್ವಾಮಿಯವರು ಇಂಟರ್ನೆಟ್ ಫೋನಿನ ವಿಷಯ ಎತ್ತಿದರು. ನಮ್ಮ ಸರಕು ದುಬೈ, ಮೊಂಬಾಸಾಗಳಿಗೆ ಹೋಗುತ್ತದೆ. ವಿದೇಶಕ್ಕೆ ಇಂಟರ್ನೆಟ್ಟಿನ ಮೂಲಕ ಅಗ್ಗವಾಗಿ ಮಾತನಾಡಿಸುವ ಕಂಪನಿಯೊಂದು ಅವರಿಗೆ ಗಂಟುಬಿದ್ದಿತ್ತು. ದುಬೈಯ ನಮ್ಮ ಏಜೆಂಟರೂ ಅದೇ ಕಂಪನಿಯ ಗಿರಾಕಿ. ಹಳೆಯ ಎಕ್ಸ್‌ಚೇಂಜನ್ನು ಇಟ್ಟುಕೊಂಡೇ ಅದಕ್ಕೆ ಇಂಟರ್ನೆಟ್ಟನ್ನು ಜೋಡಿಸಬೇಕು, ಚೂಡಾಮಣಿ ಒಂಬತ್ತು ಒತ್ತಿದರೆ ದುಬೈ ಸಿಗಬೇಕು. ಇದು ಯಜಮಾನರ ಆಸೆ. ಚೂಡಾಮಣಿ ನಮ್ಮ ಟೆಲಿಫೋನ್ ಆಪರೇಟರ್.

ಚೆಲುವರಾಜು ಮೂರು ವಾರ ಒದ್ದಾಡಿದ. ಪುಸ್ತಕದಷ್ಟೇ ದಪ್ಪಗಿದ್ದ ಒಂದು ಪುಟ್ಟ ಪೆಟ್ಟಿಗೆ ಬಂತು. ಅದರ ಒಂದು ತುದಿ ಇಂಟರ್ನೆಟ್ ಮೋಡೆಮ್ಮಿಗೆ, ಇನ್ನೊಂದು ತುದಿ ನಮ್ಮ ಎಕ್ಸ್‌ಚೇಂಜಿಗೆ. ಮೊದಲು ದನಿ ಬರಲಿಲ್ಲ. ಆಮೇಲೆ ಬಂತು, ಆದರೆ ನಾವು ಆಡಿದ ಮಾತು ನಮಗೇ ಎರಡು ಸಲ ಕೇಳುತ್ತಿತ್ತು. ಒಂದು ಶುಕ್ರವಾರ ಅವನು ದುಬೈಯ ಗೋಡೌನಿಗೆ ಫೋನ್ ಹಚ್ಚಿ "ಊಟ ಆಯ್ತಾ?" ಎಂದ. ಆಚೆ ಇದ್ದವನು ಕುಶಾಲನಗರದ ಕಡೆಯವನು. "ಯಾರ್ ಸಾರ್ ನೀವು, ಇಲ್ಲಿ ಯಾರೂ ಅದನ್ನ ಕೇಳೊಲ್ಲ" ಎಂದನಂತೆ.

ಕಷ್ಟವಿದ್ದದ್ದು ಬೇರೆ ಕಡೆ. ಇಂಟರ್ನೆಟ್ಟಿನಿಂದ ನಮ್ಮ ಎಕ್ಸ್‌ಚೇಂಜಿಗೆ ಬಂದ ಕರೆ ನಮ್ಮ ಆಫೀಸಿನ ಫೋನಿನಲ್ಲೇ ನಿಲ್ಲಬೇಕು, ಅಲ್ಲಿಂದ ಊರಿನ ಟೆಲಿಫೋನ್ ಲೈನಿಗೆ ದಾಟಬಾರದು ಎಂದು ಆಗ ಕಾನೂನಿತ್ತು. ದಾಟಿದರೆ ನಾವು ಕಳ್ಳ ಎಕ್ಸ್‌ಚೇಂಜ್ ನಡೆಸಿದಂತೆ. ಚೆಲುವರಾಜು ಅದನ್ನು ಯಜಮಾನರಿಗೆ ತನ್ನ ಹಳ್ಳಿಯ ಭಾಷೆಯಲ್ಲಿ ವಿವರಿಸಿದ:

"ಎರಡು ಕಾಲುವೆ ಅಂದ್ಕೊಳಿ ಯಜಮಾನ್ರೇ. ಎರಡರ ನೀರೂ ನಿಮ್ಮ ಗದ್ದೆಗೆ ಬರ್ಬೋದು. ಆದ್ರೆ ಒಂದು ಕಾಲುವೆಯಿಂದ ಇನ್ನೊಂದಕ್ಕೆ ನೀರು ನುಗ್ಗಬಾರ್ದು. ಮಧ್ಯ ಒಂದು ತೂಬು ಇಡ್ತೀನಿ. ಅದು ಯಾವಾಗ್ಲೂ ಮುಚ್ಚಿರ್ಬೇಕು."

ಆ ತೂಬೂ ಕೋಡುಗಳಿಂದ ಕಟ್ಟಿದ್ದೇ, ಎಕ್ಸ್‌ಚೇಂಜಿನ ನೆನಪಿನಲ್ಲಿ ಇರುವಂಥದ್ದು. ತೂಬು ಮುಚ್ಚಿದೆ, ಮುಚ್ಚಿರುತ್ತದೆ ಎಂದು ಜೋಡಿಸಿದವನು ಟೆಲಿಕಾಂ ಇಲಾಖೆಗೆ ಮುಚ್ಚಳಿಕೆ ಬರೆದುಕೊಡಬೇಕು. ಬರೆದುಕೊಟ್ಟ. ಸಹಿ ಹಾಕುವ ಮೊದಲು ಎರಡು ಸಲ ಓದಿ, ಎಕ್ಸ್‌ಚೇಂಜಿನ ಹತ್ತಿರ ಹೋಗಿ ಇನ್ನೊಮ್ಮೆ ಪರೀಕ್ಷಿಸಿ ಬಂದು ಹಾಕಿದ. ಅವನಂಥವನಿಗೆ ಬೇರೆ ಬಂಡವಾಳವಿಲ್ಲ, ಆ ಸಹಿಯೇ. ಆಮೇಲೆ ಪವರ್ ಸ್ವಿಚ್ಚಿನ ಮೇಲೆ ಕೆಂಪು ಮಸಿಯಲ್ಲಿ "ಆರಿಸಬೇಡಿ" ಎಂದು ಬರೆದ ಚೀಟಿ ಅಂಟಿಸಿದ.

"ಆರಿಸಿದ್ರೆ ಏನಾಗುತ್ತೋ?" ಎಂದು ಕೇಳಿದ್ದೆ.

"ಏನೂ ಆಗೊಲ್ಲ, ಒಳಗೆ ಪುಟ್ಟ ಬ್ಯಾಟರಿ ಐತೆ, ನೆನಪು ಇಟ್ಕೊಳುತ್ತೆ. ಅದು ಹಳೇದಾಗಿದ್ರೆ ಮಾತ್ರ ಎಲ್ಲಾ ಮರೆತು, ಕಂಪನಿಯಿಂದ ಬಂದಾಗ ಎಂಗಿತ್ತೋ ಅಂಗಾಗುತ್ತೆ. ತೂಬೂ ಇರಲ್ಲ, ಗೀಬೂ ಇರಲ್ಲ. ಅದಕ್ಕೇ ಆರಿಸ್ಬೇಡಿ."

ಮಾರನೆಯ ವರ್ಷ, ೨೦೦೭ರ ದಸರಾಕ್ಕೆ ಹತ್ತು ದಿನವಿರುವಾಗ ಇಲಾಖೆಯಿಂದ ಕಾಗದ ಬಂತು. ಇಂಟರ್ನೆಟ್ ಫೋನ್ ಜೋಡಿಸಿಕೊಂಡ ಸಂಸ್ಥೆಗಳನ್ನೆಲ್ಲ ತಪಾಸಣೆ ಮಾಡುತ್ತಿದ್ದಾರೆ. ನಿಮ್ಮಲ್ಲಿಗೆ ಅಕ್ಟೋಬರ್ ಇಪ್ಪತ್ತೆರಡು, ಸೋಮವಾರ, ಬೆಳಗ್ಗೆ ಹನ್ನೊಂದಕ್ಕೆ. ಶನಿವಾರ ಆಯುಧಪೂಜೆ, ಭಾನುವಾರ ವಿಜಯದಶಮಿ, ಸೋಮವಾರ ಇದು. ಚೆಲುವರಾಜು ಕಾಗದ ನೋಡಿ, "ಬರ್ಲಿ ಬಿಡಿ. ಒಂಬತ್ತಕ್ಕೆ ಬಂದು ಒಂದ್ಸಲ ನೋಡ್ಕೋತೀನಿ" ಎಂದ.

ಆಯುಧಪೂಜೆಯ ದಿನ ಕಾರ್ಖಾನೆ ತೊಳೆದು, ಯಂತ್ರಗಳಿಗೆಲ್ಲ ವಿಭೂತಿ ಬಳಿದು ಚೆಂಡುಹೂವು ಮುಡಿಸಿದ್ದೆವು. ಯಜಮಾನರ ತಾಯಿ ಗಿರಿಜಾಂಬಾ ಅವರೇ ಪ್ರತಿ ವರ್ಷ ಮಂಗಳಾರತಿ ಎತ್ತುವುದು. ಎಂಬತ್ತರ ಹತ್ತಿರದ ಹಿರಿಯರು. ತಟ್ಟೆ ಹಿಡಿದು ಒಂದೊಂದೇ ಯಂತ್ರದ ಮುಂದೆ ನಿಂತು, ಅದು ನಿಂತಿದೆಯೇ ಎಂದು ನೋಡಿಯೇ ಆರತಿ ಮಾಡುವರು. ಅವತ್ತು ದುಡಿಯುವುದೆಲ್ಲ ವಿಶ್ರಾಂತಿಯಲ್ಲಿರಬೇಕು, ಮಾರನೆಯ ದಿನ ಮತ್ತೆ ಪೂಜೆ ಮಾಡಿಯೇ ಚಾಲೂ ಮಾಡಬೇಕು. ಅದು ಆ ಮನೆಯ ಕಟ್ಟುಪಾಡು. ಆಫೀಸಿಗೆ ಬಂದರು. ನಾನು ಜೊತೆಗಿದ್ದೆ. ಎಕ್ಸ್‌ಚೇಂಜಿನ ಹಸಿರು ದೀಪ ಮಿಣುಕುತ್ತಿತ್ತು.

"ಇದ್ಯಾಕಪ್ಪ ಇನ್ನೂ ಉರೀತದೆ?"

"ಅದನ್ನ ಆರಿಸಂಗಿಲ್ಲ ಅಮ್ಮಾವ್ರೇ."

"ವರ್ಷವೆಲ್ಲ ದುಡೀತದೆ, ಒಂದು ದಿನ ಮಲಗಿಸಕ್ಕೆ ನಿಮಗೆ ಆಗಲ್ವಾ? ದೇವರ ಮುಂದೆ ಕುಂತಿರೋವಾಗ ಹಿಂಗೆ ಕಣ್ಣು ಮಿಟುಕಿಸ್ತಾ ಇದ್ರೆ ಎಂಗೆ ಆರತಿ ಎತ್ಲಿ?"

ಕರ್ಪೂರ ಉರಿಯುತ್ತಿತ್ತು. ಹಿಂದೆ ಮೂವತ್ತು ಜನ ನಿಂತಿದ್ದರು. ಚೀಟಿಯ ಮೇಲೆ ಯಾರೋ ಆಗಲೇ ಮೂರು ಬೆರಳು ವಿಭೂತಿ ಎಳೆದಿದ್ದರು, ಅದರಡಿಯಲ್ಲಿ ಕೆಂಪು ಅಕ್ಷರ ಅರ್ಧ ಕಾಣುತ್ತಿತ್ತು. ಚೀಟಿ ಕಾಣಲಿಲ್ಲವೆಂದು ನಾನು ಹೇಳುವಂತಿಲ್ಲ. ಕಂಡಿತ್ತು. ಬ್ಯಾಟರಿ ಇದೆಯಲ್ಲ ಎಂದುಕೊಂಡು ಸ್ವಿಚ್ ಆರಿಸಿದೆ. ಹಸಿರು ದೀಪ ಹೋಯಿತು. ಗಿರಿಜಾಂಬಾ ಅವರು ಆರತಿ ಎತ್ತಿದರು.

ಭಾನುವಾರ ಬೆಳಗ್ಗೆ ಬೇಗ ಬಂದು, ಊದುಬತ್ತಿ ಹಚ್ಚಿ, ಸ್ವಿಚ್ ಹಾಕಿದೆ. ದೀಪ ಹತ್ತಿತು. ಎಲ್ಲ ಸರಿಯಿದೆಯೆಂದು ಮನೆಗೆ ಹೋದೆ. ಜಂಬೂಸವಾರಿ, ಸಂಜೆ ಪಂಜಿನ ಕವಾಯತು ಎಂದು ಹತ್ತು ಗಂಟೆಯ ಹೊತ್ತಿಗೆ ನಮ್ಮ ರಸ್ತೆಗಳನ್ನೆಲ್ಲ ಮುಚ್ಚಿದ್ದರು. ಆಮೇಲೆ ಆ ಕಡೆ ಯಾರೂ ಹೋಗುವಂತಿರಲಿಲ್ಲ.

ಸೋಮವಾರ ಒಂಬತ್ತಕ್ಕೆ ನಾನು ಒಳಗೆ ಬಂದಾಗ ಚೂಡಾಮಣಿ ತನ್ನ ಮೇಜಿನ ಮುಂದೆ ನಿಂತೇ ಇದ್ದಳು. ಕೂತಿರಲಿಲ್ಲ.

"ಸಾರ್, ನೋಡಿ ಇಲ್ಲಿ. ಆಫೀಸಲ್ಲಿ ನಾವಿಬ್ರೇ ಇರೋದು. ಮೂರು ಲೈನ್ ಬಿಜಿ ತೋರಿಸ್ತಾ ಇದೆ."

ಅವಳ ಬೋರ್ಡಿನ ಮೇಲೆ ಮೂರು ಕೆಂಪು ದೀಪಗಳು ಉರಿಯುತ್ತಿದ್ದವು. ಚೆಲುವರಾಜು ಆಗ ತಾನೇ ಬಾಗಿಲಲ್ಲಿ ಹೆಲ್ಮೆಟ್ ತೆಗೆಯುತ್ತಿದ್ದ. ದೀಪಗಳನ್ನು ನೋಡಿದ. ನೇರ ಗೋಡೆಯ ಹತ್ತಿರ ಹೋಗಿ, ತನ್ನ ಟೆಸ್ಟ್ ಫೋನಿನ ಕ್ಲಿಪ್ಪುಗಳನ್ನು ಎರಡನೆಯ ಲೈನಿಗೆ ಕಚ್ಚಿಸಿ ಕಿವಿಗೊಟ್ಟ. ನನ್ನನ್ನು ಹತ್ತಿರ ಕರೆದು ರಿಸೀವರನ್ನು ನಮ್ಮಿಬ್ಬರ ಮಧ್ಯೆ ಹಿಡಿದ.

ದೂರದಿಂದ ಗಂಡಸಿನ ದನಿ. "...ಅಂಗಂದ್ರೆ ಹಬ್ಬಕ್ಕೆ ಯಾರೂ ಬರ್ಲೇ ಇಲ್ವಾ ಅವ್ವ?"

ಹತ್ತಿರದಿಂದ ಮುದುಕಿಯ ದನಿ. "ಬಂದಿದ್ರು ಕಣಪ್ಪ, ನಿಮ್ಮತ್ತೆ ಬಂದಿದ್ಳು. ನೀನು ಉಂಡ್ಯಾ? ಯಾಕೆ ನೆನ್ನೆಯಿಂದ ಇಷ್ಟೊಂದು ಸಲ ಫೋನು? ದುಡ್ಡು ಆಗಲ್ವಾ?"

"ಇದಕ್ಕೆ ದುಡ್ಡಿಲ್ಲ ಕಣವ್ವ. ಮೈಸೂರಿನ ಆಫೀಸಿಗೆ ಮಾಡಿ ಸೊನ್ನೆ ಒತ್ತಿದ್ರೆ ಸಿಗ್ತದೆ."

ಚೆಲುವರಾಜು ಕಣ್ಣು ಮುಚ್ಚಿಕೊಂಡ. ದುಬೈ ಗೋಡೌನಿನ ಕೆಲಸಗಾರರು. ಎಕ್ಸ್‌ಚೇಂಜು ಎಲ್ಲವನ್ನೂ ಮರೆತಿತ್ತು. ನಮ್ಮ ಆಫೀಸಿಗೆ ಕರೆ ಮಾಡಿದವರಿಗೆ ಚೂಡಾಮಣಿಯ ಬದಲು ಖಾಲಿ ಡಯಲ್ ಟೋನ್ ಸಿಕ್ಕಿತ್ತು. ಯಾರೋ ಸೊನ್ನೆ ಒತ್ತಿ ನೋಡಿದ್ದರು. ತೂಬು ಬಾಯ್ದೆರೆದು ಕೂತಿತ್ತು.

"ಎಳಿ, ಚೆಲುವ, ತಂತಿ ಎಳಿ" ಎಂದೆ.

"ಒಂದ್ ನಿಮಿಷ."

"ಹನ್ನೊಂದಕ್ಕೆ ಬರ್ತಾರೆ ಕಣೋ!"

"ಗೊತ್ತು. ಆ ತಾಯಿ ಏನೋ ಹೇಳ್ತಾ ಅವ್ಳೆ. ಮುಗಿಸ್ಲಿ."

ಆಕೆ ಎಮ್ಮೆಯೊಂದರ ವಿಷಯ ಹೇಳುತ್ತಿದ್ದಳು. ಗೋಡೆ ಗಡಿಯಾರದಲ್ಲಿ ಒಂಬತ್ತೂ ಹತ್ತು. ನಾನು ಅಂಗೈ ಉಜ್ಜಿಕೊಳ್ಳುತ್ತ ನಿಂತಿದ್ದೆ. ಕೊನೆಗೆ "ಇಡ್ಲಾ ಮಗ" ಎಂಬುದು ಕೇಳಿದ ಮೇಲೆ ಅವನು ಇಂಟರ್ನೆಟ್ಟಿನ ತಂತಿಯನ್ನು ಕಿತ್ತ. ಮೂರೂ ದೀಪ ಒಮ್ಮೆಲೇ ಆರಿದವು. ಉಳಿದೆರಡು ಲೈನುಗಳ ಮಾತು ಅರ್ಧಕ್ಕೆ ತುಂಡಾಗಿರಬೇಕು.

"ಯಾರಾದ್ರೂ ಆರಿಸಿದ್ರಾ?" ಎಂದ.

"ನಾನೇ ಕಣೋ. ಪೂಜೆಗೆ. ಅಮ್ಮಾವ್ರು..."

ಅವನು ಕೈ ಎತ್ತಿ ತಡೆದ. "ಆಮೇಲೆ ಮಾತಾಡಣ. ಪುಸ್ತಕ ಓದಿ. ಒಂದೊಂದೇ ಸಾಲು. ನಾನು ಒತ್ತುತೀನಿ."

ನೂರ ಹನ್ನೆರಡು ಸಾಲುಗಳಿದ್ದವು. ಚೂಡಾಮಣಿಯ ಫೋನಿನಿಂದ ಒಂದೊಂದು ಕೋಡನ್ನೂ ಒತ್ತಬೇಕು. ಸರಿಯಾದರೆ ಎರಡು ಚಿಕ್ಕ ಬೀಪ್, ತಪ್ಪಾದರೆ ಒಂದು ಉದ್ದ ಬೀಪ್. ನಾನು ಓದುವೆ, ಅವನು ಒತ್ತುವ, ಬೀಪ್ ಬೀಪ್. ಮುಂದಿನದು. ಮೂವತ್ತನೆಯ ಸಾಲಿನ ಹೊತ್ತಿಗೆ ನಾನು ಬೇಗಬೇಗ ಓದತೊಡಗಿದ್ದೆ. ನಲವತ್ತೊಂದರಲ್ಲಿ ಉದ್ದ ಬೀಪ್.

"ಒಂದು ಸಾಲು ಬಿಟ್ರಿ ಅಣ್ಣ."

"ಇಲ್ಲಪ್ಪ, ಓದ್ದೆ."

"ಬಿಟ್ರಿ. ನಿಧಾನ. ಯಾರೂ ಸತ್ತಿಲ್ಲ."

ಬಿಟ್ಟಿದ್ದೆ. ಚೂಡಾಮಣಿ ನೀರು ತಂದಳು, ಇಬ್ಬರೂ ಮುಟ್ಟಲಿಲ್ಲ. ಅವನು ತೂಬಿನ ಸಾಲುಗಳಿಗೆ ಬಂದಾಗ ಹತ್ತೂ ಕಾಲು. ಅಷ್ಟರಲ್ಲಿ ಸಿದ್ದಲಿಂಗಸ್ವಾಮಿಯವರು ಬಂದರು. ಚೂಡಾಮಣಿ ಹೊರಗೇ ಅವರಿಗೆ ವಿಷಯ ಹೇಳಿದ್ದಳೆಂದು ಅವರ ನಡಿಗೆಯಲ್ಲೇ ಗೊತ್ತಾಯಿತು. ಅವರು ನೇರವಾಗಿ ಮೂಲೆಯ ಪ್ರಿಂಟರಿನ ಹತ್ತಿರ ಹೋದರು. ಎಕ್ಸ್‌ಚೇಂಜಿನ ಪ್ರತಿ ಕರೆಯನ್ನೂ ಸಮಯ ಸಮೇತ ಅಚ್ಚು ಹಾಕುವ ಪ್ರಿಂಟರ್ ಅದು. ಕಾಗದ ನೆಲಕ್ಕೆ ಇಳಿದು ಮಡಿಕೆಯಾಗಿ ಬಿದ್ದಿತ್ತು. ಭಾನುವಾರ ಹತ್ತೂ ಇಪ್ಪತ್ತರಿಂದ ಇವತ್ತು ಬೆಳಗ್ಗೆಯವರೆಗೆ ಇಪ್ಪತ್ತೇಳು ಕರೆಗಳು. ಇಂಟರ್ನೆಟ್ಟಿನಿಂದ ಒಳಗೆ, ಊರಿನ ಲೈನಿನಿಂದ ಹೊರಗೆ.

"ಇದನ್ನ ಮೊದ್ಲು ಹರಿದು ಬಿಸಾಕಯ್ಯ."

"ಬೇಡ ಯಜಮಾನ್ರೇ" ಎಂದ ಚೆಲುವರಾಜು, ಫೋನಿನಿಂದ ತಲೆ ಎತ್ತದೆ.

"ಬೇಡವಾ? ಒಳಗೆ ನೂರಾ ನಲವತ್ತು ಹೆಣ್ಮಕ್ಳು ಕಡ್ಡಿ ಪ್ಯಾಕ್ ಮಾಡ್ತಾವ್ರೆ. ಫೋನೆಲ್ಲ ಕಟ್ ಮಾಡಿ ಬೀಗ ಜಡಿದ್ರೆ ನಿನ್ನ ಸತ್ಯ ಬಂದು ಅವ್ರ ಮನೆ ನಡೆಸುತ್ತಾ?"

"ಹಾಳೆ ಹರೀಬೋದು. ಲೈನಿನ ಬಿಲ್ಲು ಹರಿಯಕ್ಕಾಗಲ್ಲ. ಅಲ್ಲೂ ಇಪ್ಪತ್ತೇಳು ಕಾಲ್ ಇರುತ್ತೆ. ಅವಾಗ ನಾವು ಕಳ್ಳರು. ಈಗ ಹೇಳಿದ್ರೆ ದಡ್ಡರು ಅಷ್ಟೆ."

"ಸಹಿ ಹಾಕಿರೋನು ನೀನು. ಮರೀಬೇಡ."

"ಅದಕ್ಕೇ ಹೇಳ್ತಿರೋದು" ಎಂದವನು ನನಗೆ, "ಗುರುವಣ್ಣ, ಮುಂದಿನ ಸಾಲು" ಎಂದ.

ಹತ್ತೂ ನಲವತ್ತಕ್ಕೆ ಗೇಟಿನಲ್ಲಿ ಜೀಪಿನ ಸದ್ದಾಯಿತು. ಇಪ್ಪತ್ತು ನಿಮಿಷ ಮೊದಲೇ ಬಂದಿದ್ದರು. ಇನ್ನು ಒಂಬತ್ತು ಸಾಲು ಬಾಕಿ. ಯಜಮಾನರು ಅವರನ್ನು ಹಾರ ಹಾಕಿದ ಯಂತ್ರಗಳ ಕಡೆ ಕರೆದುಕೊಂಡು ಹೋಗಿ, ಹಬ್ಬದ ಸಿಹಿ ಕೊಡಿಸಿ, ಹೊತ್ತು ಕಳೆದರು. ನಾನು ಓದುತ್ತಿದ್ದೆ. ಬೀಪ್ ಬೀಪ್. ಕೊನೆಯ ಸಾಲು ಮುಗಿದಾಗ ಚೆಲುವರಾಜು ಇಂಟರ್ನೆಟ್ಟಿನ ತಂತಿಯನ್ನು ಮತ್ತೆ ಸಿಕ್ಕಿಸಿ, ತನ್ನ ಮೊಬೈಲಿನಿಂದ ದುಬೈಗೆ ಫೋನ್ ಮಾಡಿ, ನಮ್ಮ ಆಫೀಸಿಗೆ ಕರೆ ಮಾಡಿ ಸೊನ್ನೆ ಒತ್ತುವಂತೆ ಹೇಳಿದ. ಚೂಡಾಮಣಿಯ ಫೋನು ಬಡಿದುಕೊಂಡಿತು. ಸೊನ್ನೆ ಒತ್ತಿದರೆ ಏನೂ ಆಗಲಿಲ್ಲ. ತೂಬು ಮುಚ್ಚಿತ್ತು.

ಆ ಗಳಿಗೆಯಲ್ಲಿ ಎಲ್ಲವೂ ಮುಚ್ಚಳಿಕೆಯಲ್ಲಿ ಬರೆದಿದ್ದ ಹಾಗೆಯೇ ಇತ್ತು. ಪ್ರಿಂಟರಿನ ಕೆಳಗಿನ ಒಂದು ಮೊಳ ಕಾಗದ ಮಾತ್ರ ಬೇರೆ ಹೇಳುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ. ಅವನೂ ನೋಡಿದ. ಆಮೇಲೆ ಅದನ್ನು ಅಚ್ಚುಕಟ್ಟಾಗಿ ಹರಿದು, ಮಡಚಿ, ಮೇಜಿನ ಮೇಲೆ ಇಟ್ಟ.

ಇಬ್ಬರು ಅಧಿಕಾರಿಗಳು ಬಂದರು. ಹಿರಿಯರು ಸಮಾಧಾನದ ಮನುಷ್ಯ. ಎಕ್ಸ್‌ಚೇಂಜನ್ನು ಪರೀಕ್ಷಿಸಿದರು. ಕಿರಿಯವರು ಆರು ರೀತಿಯಲ್ಲಿ ಕರೆ ದಾಟಿಸಲು ನೋಡಿದರು, ದಾಟಲಿಲ್ಲ. "ನೀಟಾಗಿದೆ" ಎಂದು ಫಾರಂ ತೆಗೆದರು. ಯಜಮಾನರು ಉಸಿರುಬಿಟ್ಟದ್ದು ನನಗೆ ಕೇಳಿಸಿತು.

"ಸಾರ್, ಬರೆಯೋಕೆ ಮುಂಚೆ ಇದನ್ನ ನೋಡಿ" ಎಂದು ಚೆಲುವರಾಜು ಕಾಗದ ಕೊಟ್ಟ.

ಅವರು ಓದಿದರು.

"ಇಪ್ಪತ್ತೇಳು" ಎಂದರು ಹಿರಿಯರು. "ಹೇಗಾಯ್ತು?"

"ಪವರ್ ಹೋಗಿ ಪ್ರೋಗ್ರಾಂ ಅಳಿಸಿಹೋಗಿತ್ತು ಸಾರ್. ಇವತ್ತು ಬೆಳಗ್ಗೆ ನೋಡ್ದೆ, ಸರಿ ಮಾಡ್ದೆ."

"ಯುಪಿಎಸ್ ಇದೆಯಲ್ಲ?"

"ಐತೆ. ಹಬ್ಬಕ್ಕೆ ಸ್ವಿಚ್ ಆರಿಸಿದ್ರು."

"ಯಾರು ಆರಿಸಿದ್ದು?"

ನನಗೆ ಆಗ ಐವತ್ತಾರು. ಕೆಲಸ ಬಿಡಲು ಎರಡು ವರ್ಷವಿತ್ತು. ಯಜಮಾನರು ನನ್ನ ಪಕ್ಕದಲ್ಲೇ ನಿಂತಿದ್ದರು. ಇವುಗಳನ್ನು ಕಾರಣವೆಂದು ಬರೆಯುತ್ತಿಲ್ಲ, ಆಗ ನನ್ನ ತಲೆಯಲ್ಲಿ ಇದ್ದದ್ದನ್ನು ಬರೆಯುತ್ತಿದ್ದೇನೆ. "ನಾನು" ಎನ್ನಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ನನಗೆ ಸಿಕ್ಕಿತ್ತು. ಅದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಚೆಲುವರಾಜು ನನ್ನ ಕಡೆ ನೋಡಲೇ ಇಲ್ಲ.

"ಯಾರು ಆರಿಸಿದ್ರೂ ಅಳಿಸಿಹೋಗಬಾರ್ದಾಗಿತ್ತು ಸಾರ್" ಎಂದ. "ಒಳಗಿನ ಬ್ಯಾಟರಿ ಸತ್ತಿತ್ತು. ಅದನ್ನ ನೋಡ್ಕೋಬೇಕಾದವ್ನು ನಾನು. ಸಹಿ ನಂದು."

ಹಿರಿಯರು ಆ ಕಾಗದವನ್ನು ಫಾರಮ್ಮಿನ ಪಕ್ಕ ಇಟ್ಟರು. "ನೀನು ಇದನ್ನ ಕೊಡದೆ ಇದ್ರೆ ನನಗೆ ಇವತ್ತು ಗೊತ್ತಾಗ್ತಿರಲಿಲ್ಲ" ಎಂದರು. "ಆದ್ರೆ ಕೊಟ್ಟಮೇಲೆ ನಾನು ಬರೀಲೇಬೇಕು."

"ಬರೀರಿ ಸಾರ್."

ಬರೆದರು. ತಾವಾಗಿ ತಿಳಿಸಿದ್ದರಿಂದ ಕಾರ್ಖಾನೆಯ ಲೈನುಗಳು ಉಳಿದವು. ಎಚ್ಚರಿಕೆಯ ಕಾಗದ ಬಂತು, ಪುಟ್ಟ ಪೆಟ್ಟಿಗೆಯನ್ನು ಸೀಲು ಮಾಡಿ ಒಯ್ದರು. ಜೋಡಿಸಿದವನ ನಿರ್ಲಕ್ಷ್ಯ ಎಂದು ವರದಿಯಾಯಿತು. ವಿಚಾರಣೆ ಮುಗಿಯುವವರೆಗೆ ಅವನ ಮುಚ್ಚಳಿಕೆಯನ್ನು ಒಪ್ಪುವುದಿಲ್ಲ ಎಂದು ಇಲಾಖೆ ತಿಳಿಸಿತು. ಇಂಟರ್ನೆಟ್ ಫೋನಿನ ಕೆಲಸವೇ ಹೆಚ್ಚುತ್ತಿದ್ದ ವರ್ಷಗಳವು. ಸಹಿ ಹಾಕಲಾಗದವನನ್ನು ಯಾರು ಕರೆಯುತ್ತಾರೆ? ನಮ್ಮ ಯಜಮಾನರೂ ಬೇರೆಯವರನ್ನು ಹಿಡಿದರು. ವಿಚಾರಣೆ ಮೂರು ಸಲ ಮುಂದಕ್ಕೆ ಹೋಯಿತು. ಚೆಲುವರಾಜು ಹಳೆಯ ಲಾಡ್ಜುಗಳ ರಿಪೇರಿ, ಮನೆಗಳ ಕಾಲಿಂಗ್ ಬೆಲ್ಲು, ಇವುಗಳಲ್ಲಿ ದಿನ ತಳ್ಳಿದ.

ಭಾನುವಾರಗಳಲ್ಲಿ ನಮ್ಮ ಮನೆಗೆ ಬರುವುದನ್ನು ಅವನು ನಿಲ್ಲಿಸಲಿಲ್ಲ. ಅದೇ ನನಗೆ ಕಷ್ಟವಾದದ್ದು. ಬೈದಿದ್ದರೆ ಸುಲಭವಾಗುತ್ತಿತ್ತು. ಒಂದು ಸಲ ನಾನೇ, "ಅವತ್ತು ನಾನು ಬಾಯಿ ಬಿಡಬೇಕಾಗಿತ್ತು ಕಣೋ" ಎಂದೆ. ಅವನು ಕಾಫಿ ಲೋಟ ತಿರುಗಿಸುತ್ತ, "ಬ್ಯಾಟರಿ ನೋಡ್ಬೇಕಾಗಿತ್ತು ನಾನು" ಎಂದಷ್ಟೇ ಹೇಳಿ, ನಾನು ಈಚೆಗೆ ಓದಿದ ಕತೆ ಯಾವುದೆಂದು ಕೇಳಿದ. ನಾನು ಕತೆ ಹೇಳಿದೆ. ಅಧಿಕಾರಿಗೆ ಒಂದು ಕಾಗದ ಬರೆಯಲು ನನಗೆ ಒಂದು ವರ್ಷ ಮೂರು ತಿಂಗಳು ಸಮಯವಿತ್ತು. ಬರೆಯಲಿಲ್ಲ. ಬರೆಯೋಣ, ವಿಚಾರಣೆಗೆ ಕರೆದಾಗ ಹೇಳೋಣ ಎಂದುಕೊಂಡೆ.

೨೦೦೯ರ ಜನವರಿಯಲ್ಲಿ, ಒಂದು ಲಾಡ್ಜಿನ ಮಹಡಿಯಲ್ಲಿ ತಂತಿ ಎಳೆಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ. ಆಸ್ಪತ್ರೆ ಮುಟ್ಟಲಿಲ್ಲ. ನಲವತ್ತೈದು ವರ್ಷ.

ಶಾಲಿನಿ ಕೊಟ್ಟ ನಾಲ್ಕು ದಿನದ ಮೇಲೆ ನೋಟ್‌ಬುಕ್ ತೆರೆದೆ. ಕೊನೆಯ ನಮೂದು, ೨೨-೧೦-೦೭. ಏನಾಯಿತು: "ಪ್ರೋಗ್ರಾಂ ಅಳಿಸಿದೆ. ೨೭ ಕಾಲ್ ದಾಟಿವೆ." ಯಾಕೆ: "ಬ್ಯಾಟರಿ ಸತ್ತಿತ್ತು. ಚೀಟಿ ಸಾಲದು. ಮುಚ್ಚಳ ಬೇಕು." ನಾಲ್ಕನೆಯ ಅಂಕಣ ಖಾಲಿ. ಹದಿಮೂರು ವರ್ಷಗಳ ಪುಟಗಳನ್ನು ಹಿಂದಕ್ಕೆ ತಿರುವಿದೆ. ಇಲಿ ಇದೆ, ಸಿಡಿಲು ಇದೆ, ಚೂಡಾಮಣಿ ಚೆಲ್ಲಿದ ಕಾಫಿ ಇದೆ, ನಾಲ್ಕು ಕಡೆ "ನನ್ನಿಂದ" ಇದೆ. ಖಾಲಿ ಬಿಟ್ಟದ್ದು ಅದೊಂದೇ.

ಪೆನ್ನು ತೆಗೆದುಕೊಂಡು ಆ ಜಾಗದಲ್ಲಿ ನನ್ನ ಹೆಸರು, ಗುರುಮಲ್ಲಪ್ಪ ಎಂದು ಬರೆದೆ. ಆಮೇಲೆ ಇಲಾಖೆಗೆ ಕಾಗದ ಬರೆದೆ. ಸ್ವಿಚ್ ಆರಿಸಿದವನು ನಾನು, ಚೀಟಿ ನೋಡಿಯೇ ಆರಿಸಿದೆ, ಅಂದು ಕೇಳಿದಾಗ ಸುಮ್ಮನಿದ್ದೆ, ಮೃತ ಚೆಲುವರಾಜುವಿನ ಹೆಸರಿನ ಮುಂದೆ ಬರೆದಿರುವುದನ್ನು ತಿದ್ದಬೇಕು ಎಂದು. ಅದರ ಪ್ರತಿಯೊಂದನ್ನು ಸಿದ್ದಲಿಂಗಸ್ವಾಮಿಯವರಿಗೆ ಕೊಟ್ಟೆ. ಅವರು ಓದಿ, "ಈಗ್ಯಾಕೆ ಗುರುಮಲ್ಲಪ್ಪ?" ಎಂದರು. ಇಲಾಖೆಯಿಂದ ಸ್ವೀಕೃತಿಯ ಮುದ್ರೆ ಬಂದಿದೆ, ಅಷ್ಟೆ.

ಇನ್ನೊಂದು ಪ್ರತಿ ಹಿಡಿದು ರಾಮಕೃಷ್ಣನಗರದ ಚೆಲುವರಾಜುವಿನ ಮನೆಗೆ ಹೋದೆ. ದಾರಿಯಲ್ಲಿ ಒಂದು ನರ್ಸಿಂಗ್ ಹೋಮಿನಲ್ಲಿ ನನ್ನ ರಕ್ತಪರೀಕ್ಷೆಯ ವರದಿ ತೆಗೆದುಕೊಳ್ಳಬೇಕಿತ್ತು. ಕೌಂಟರಿನ ಹಿಂದಿನ ಗೋಡೆಯಲ್ಲಿ ಎಕ್ಸ್‌ಚೇಂಜಿನ ಪೆಟ್ಟಿಗೆ ಇತ್ತು. ಅದರ ಪವರ್ ಸ್ವಿಚ್ಚಿನ ಮೇಲೆ ಅಂಗೈಯಷ್ಟು ತಗಡಿನ ಮುಚ್ಚಳ, ಅದಕ್ಕೆ ಪುಟ್ಟ ಬೀಗ. ಯಾರು ಹಾಕಿದ್ದೆಂದು ಕೇಳಿದೆ. "ಚೆಲುವರಾಜು ಅಂತ ಬರ್ತಿದ್ರು. ಹೋದ ವರ್ಷ ಬಂದು ತಾವಾಗೇ ಹಾಕಿ ಹೋದ್ರು, ಕಾಸೂ ಕೇಳಲಿಲ್ಲ" ಎಂದಳು ಆ ಹುಡುಗಿ.

ಶಾಲಿನಿ ಕಾಗದವನ್ನು ನಿಧಾನವಾಗಿ, ಬೆರಳಿಟ್ಟು ಓದಿದರು. ನಾನು ತಲೆ ಬಗ್ಗಿಸಿ ಕೂತಿದ್ದೆ.

"ನಂಗೊತ್ತಿತ್ತು ಅಣ್ಣ" ಎಂದರು. "ಅವತ್ತೇ ಬಂದು ಹೇಳಿದ್ರು, ಗುರುವಣ್ಣ ಆರಿಸಿದ್ರು ಅಂತ."

"ನನ್ನ ಬಗ್ಗೆ ಏನಂದ?"

ಅವರು ಕಾಗದವನ್ನು ಮೊದಲಿದ್ದ ಹಾಗೆಯೇ ಮಡಚಿದರು.

"ನಿಮ್ಮನ್ನ ಯಾವತ್ತೂ ಏನೂ ಅಂದಿಲ್ಲ. ಆ ಚೀಟೀನೇ ಬೈಕೊಂಡು ಓಡಾಡ್ತಿದ್ರು. ಆರಿಸ್ಬೇಡಿ ಅಂತ ಬರೆದಿಟ್ರೆ ಯಾರಾದ್ರೂ ಒಬ್ರು ಆರಿಸೇ ಆರಿಸ್ತಾರೆ, ಮನುಷ್ಯರು ಅಂಗೇ, ಬೀಗ ಹಾಕ್ಬೇಕಾಗಿತ್ತು ಅಂತ. ಆಮೇಲೆ ಎರಡು ತಿಂಗಳು ಇಲ್ಲೇ ಹಿತ್ತಲಲ್ಲಿ ಕುಂತು ತಗಡು ಕತ್ತರಿಸಿದ್ರು. ಇನ್ನೂ ಹದಿನೆಂಟು ಮುಚ್ಚಳ ಮಿಕ್ಕಿದೆ. ಎಲ್ಲೆಲ್ಲಿ ಹಾಕ್ಬೇಕು ಅಂತ ಪಟ್ಟಿ ಬರೆದಿಟ್ಟವ್ರೆ."

ಆ ಪಟ್ಟಿ ಈಗ ನನ್ನ ಹತ್ತಿರ ಇದೆ. ಕಳೆದ ವಾರ ನಾಲ್ಕು ಕಡೆ ಹಾಕಿಸಿ ಬಂದೆ.